ಮೀನಿನ ಕೆರೆಗೆ ಯಾವ ಗೊಬ್ಬರ ಹಾಕುವುದು? ಸ್ಲರಿ, ಸೆಗಣಿ, ಕೋಳಿ ಗೊಬ್ಬರ, ಅಜೋಲಾ, ಹಿಂಡಿ: ಒಂದು ಹೋಲಿಕೆ

ಮಳೆಗಾಲ ಕಳೆದು ತೋಡಿನ ನೀರು ತಿಳಿಯಾಗುವ ಹೊತ್ತಿಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ತೋಟದವರಿಂದ ಒಂದೇ ಪ್ರಶ್ನೆ ಬರುತ್ತದೆ. ಕೆರೆಗೆ ಕಾಟ್ಲಾ, ರೋಹು ಮರಿ ಬಿಡುತ್ತಿದ್ದೇವೆ, ರಾಸಾಯನಿಕ ಬೇಡ, ಸಾವಯವದಲ್ಲೇ ಯಾವುದು ಒಳ್ಳೆಯದು?

ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮನೆಯಲ್ಲಿ ಗೋಬರ್ ಗ್ಯಾಸ್ ಇದ್ದರೆ ಅದರಿಂದ ಹೊರಬರುವ ತೆಳು ಗೊಬ್ಬರ, ಅಂದರೆ ಸ್ಲರಿ. ಇಲ್ಲದಿದ್ದರೆ ಚೆನ್ನಾಗಿ ಕಳಿತ ಸೆಗಣಿ ಗೊಬ್ಬರ. ಜೊತೆಗೆ ಸ್ವಲ್ಪ ಅಜೋಲಾ, ಅಂದರೆ ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಸಸ್ಯ. ಕೋಳಿ ಗೊಬ್ಬರ ಕೊನೆಯ ಆಯ್ಕೆ, ಅದೂ ಕಾಂಪೋಸ್ಟ್ ಆದ ಮೇಲೆ. ಬೇವಿನ ಹಿಂಡಿ, ಹರಳಿಂಡಿ ಬೇಡವೇ ಬೇಡ. ಯಾಕೆ ಅಂತ ಗೊತ್ತಿದ್ದರೆ ಮಾತ್ರ ಈ ಸಾಲು ನಿಮ್ಮ ಉಪಯೋಗಕ್ಕೆ ಬರುತ್ತದೆ, ಹಾಗಾಗಿ ಮುಂದೆ ಓದಿ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಸಾವಯವ ಎಂಬ ಮಾತಿಗೆ ಬೇರೆಯೇ ತೂಕ ಇದೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು, ಎಣ್ಮಕಜೆಯ ಪಡ್ರೆಯಂಥ ಊರುಗಳು ಅದಕ್ಕೆ ತೆತ್ತ ಬೆಲೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಅದು ಮೀನಿಗಂತೂ ತೀರಾ ಸಣ್ಣ ಪ್ರಮಾಣದಲ್ಲೂ ಮಾರಕ. ಹೀಗಿರುವಾಗ ಕೆರೆಗೆ ಸಾವಯವವೇ ಆಗಬೇಕು ಅನ್ನುವುದು ಸರಿಯಾದ ನಿರ್ಧಾರ. ಆದರೆ ಸಾವಯವ ಗೊಬ್ಬರವೂ ಮೀನು ಕೊಲ್ಲುತ್ತದೆ. ತೋಟದಲ್ಲಿ ಗೊಬ್ಬರ ಸ್ವಲ್ಪ ಜಾಸ್ತಿಯಾದರೆ ಗಿಡ ಸಹಿಸಿಕೊಳ್ಳುತ್ತದೆ. ಕೆರೆಯಲ್ಲಿ ಒಂದೇ ರಾತ್ರಿ ಸಾಕು.

ಕಾರಣ ಇಷ್ಟೇ. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನುಗಳಿಗೆ ನಾವು ಹಾಕುವ ಗೊಬ್ಬರ ನೇರ ಆಹಾರ ಅಲ್ಲ. ಗೊಬ್ಬರದಿಂದ ನೀರಿನಲ್ಲಿ ಹಸಿರು ಪ್ಲಾಂಕ್ಟನ್ (ತೇಲುವ ತೀರಾ ಸಣ್ಣ ಪಾಚಿ) ಬೆಳೆಯುತ್ತದೆ, ಅದನ್ನು ತಿನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳು ಬೆಳೆಯುತ್ತವೆ, ಮೀನಿಗೆ ಬೇಕಾದದ್ದು ಅವು. ಗೊಬ್ಬರ ನೀರಿನೊಳಗೆ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಹಗಲು ಪ್ಲಾಂಕ್ಟನ್ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ಉಸಿರಾಡುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತಳ ಮುಟ್ಟಿರುತ್ತದೆ. ಹಾಗಾಗಿ ಯಾವುದೇ ಗೊಬ್ಬರದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ: ಇದರ ಕೊಳೆಯುವ ಕೆಲಸ ಹೊರಗೇ ಮುಗಿದಿದೆಯಾ, ಇಲ್ಲ ನನ್ನ ಕೆರೆಯಲ್ಲಿ ಆಗಬೇಕಾ? ಹೊರಗೆ ಮುಗಿದಷ್ಟೂ ಮೀನಿಗೆ ಕ್ಷೇಮ.

ಗೊಬ್ಬರವೇ ಬೇಡದ ಕೆರೆಗಳು

ಹೋಲಿಕೆಗೆ ಹೋಗುವ ಮೊದಲು ಇದನ್ನು ನೋಡಿ. ತೋಟಕ್ಕೆ ನೀರು ನಿಲ್ಲಿಸಲು ಪ್ಲಾಸ್ಟಿಕ್ ಶೀಟು ಹಾಸಿದ ಹೊಂಡದಲ್ಲಿ ತಿಲಾಪಿಯಾ ಅಥವಾ ಅಸ್ಸಾಂ ವಾಳ ಬಿಟ್ಟು ದಿನಾ ಪೆಲ್ಲೆಟ್ ಹಾಕುತ್ತಿದ್ದೀರಾ? ಹಾಗಾದರೆ ಗೊಬ್ಬರ ಬೇಡ. ತಿಂದು ಉಳಿದ ಆಹಾರ, ಮೀನಿನ ಹಿಕ್ಕೆ ಎರಡೇ ನೀರನ್ನು ಹಸಿರು ಮಾಡುತ್ತವೆ. ಅದರ ಮೇಲೆ ಸೆಗಣಿಯನ್ನೂ ಸುರಿದರೆ ಅಮೋನಿಯಾ ಏರುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಬೇರೆ ಮೀನು ತಿಂದು ಬದುಕುವ ಜಾತಿಗಳಿಗೂ ಗೊಬ್ಬರದಿಂದ ಹೇಳಿಕೊಳ್ಳುವ ಲಾಭ ಇಲ್ಲ. ಗೊಬ್ಬರ ಬೇಕಾದದ್ದು ಮಣ್ಣಿನ ತಳ ಇರುವ, ಬಿಸಿಲು ಬೀಳುವ, ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಸಾಕುವ ಕೆರೆಗೆ. ಅಡಿಕೆ ಮರದ ದಟ್ಟ ನೆರಳಿನಲ್ಲಿರುವ ಕೆರೆಗೆ ಎಷ್ಟು ಗೊಬ್ಬರ ಹಾಕಿದರೂ ಹಸಿರು ಏರುವುದಿಲ್ಲ. ಬಿಸಿಲಿಲ್ಲದೆ ಪ್ಲಾಂಕ್ಟನ್ ಬೆಳೆಯುವುದಾದರೂ ಹೇಗೆ?

ಮುರಮಣ್ಣಿಗೆ ಸುಣ್ಣ ಮೊದಲು

ನಮ್ಮದು ಮುರಕಲ್ಲಿನ ನೆಲ. ಗುಡ್ಡೆಯಿಂದ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದಿಂದ ಬರುವ ನೀರು ಹುಳಿ ಗುಣದ್ದು. ಮಣ್ಣಿನ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 5ರಿಂದ 6ರ ಆಸುಪಾಸು ಇರುವುದು ಇಲ್ಲಿ ಸಾಮಾನ್ಯ. ಈ ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಗೊಬ್ಬರದ ರಂಜಕವನ್ನು ಹಿಡಿದಿಟ್ಟುಕೊಂಡು ಬಿಡುತ್ತವೆ, ಪ್ಲಾಂಕ್ಟನ್‌ಗೆ ಸಿಗಲು ಬಿಡುವುದಿಲ್ಲ. "ಎಷ್ಟು ಸೆಗಣಿ ಹಾಕಿದರೂ ನೀರು ಹಸಿರಾಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಸುಣ್ಣ ಬಿಟ್ಟು ಗೊಬ್ಬರ ಹಾಕಿದವರು. ಆಮೇಲೆ ಅವರು ಮಾಡುವುದೇನು? ಇನ್ನೂ ಎರಡು ಬುಟ್ಟಿ ಜಾಸ್ತಿ ಹಾಕುವುದು. ಅಪಾಯ ಶುರುವಾಗುವುದು ಅಲ್ಲಿಂದಲೇ.

ಪಿಎಚ್ 5ರಿಂದ 6 ಇರುವ ಮಣ್ಣಿಗೆ ಹೆಕ್ಟೇರಿಗೆ 1000ದಿಂದ 1200 ಕೆಜಿ ಸುಣ್ಣ ಬೇಕಾಗುತ್ತದೆ. ಒಂದು ಸೆಂಟ್ಸಿಗೆ (ಎಕರೆಯ ನೂರನೇ ಒಂದು ಪಾಲು) 4ರಿಂದ 5 ಕೆಜಿ. ಹತ್ತು ಸೆಂಟ್ಸ್ ಕೆರೆಗೆ ಸುಮಾರು ಒಂದು ಚೀಲ ಅಂದುಕೊಳ್ಳಿ. ಕೆರೆ ಒಣಗಿಸಿದ್ದಾಗ ತಳಕ್ಕೆ ಎರಚುವುದು ಒಳ್ಳೆಯದು. ಮೀನು ಇರುವಾಗಲಾದರೆ ಸುಟ್ಟ ಸುಣ್ಣ ಬೇಡ, ಡೋಲೋಮೈಟ್ ಅಥವಾ ಕೃಷಿ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಣ್ಣಕ್ಕೂ ಗೊಬ್ಬರಕ್ಕೂ ಕನಿಷ್ಠ ಒಂದು ವಾರ ಅಂತರ ಇರಲಿ. ಎರಡನ್ನೂ ಒಟ್ಟಿಗೆ ಹಾಕಿದರೆ, ಅದರಲ್ಲೂ ಹಸಿ ಕೋಳಿ ಗೊಬ್ಬರದ ಜೊತೆ, ಪಿಎಚ್ ಏರಿ ಗೊಬ್ಬರದ ಸಾರಜನಕ ಅಮೋನಿಯಾ ಆಗುತ್ತದೆ. ಮೂಗಿಗೆ ಘಾಟು ಬಡಿಯುತ್ತದಲ್ಲ, ಮೀನಿನ ಕಿವಿರು ಸುಡುವುದೂ ಅದೇ.

ಸ್ಲರಿ ಯಾಕೆ ಮೊದಲು

ಗೋಬರ್ ಗ್ಯಾಸಿನ ತೊಟ್ಟಿಯೊಳಗೆ ಸೆಗಣಿ ವಾರಗಟ್ಟಲೆ ಗಾಳಿಯಿಲ್ಲದೆ ಕಳಿಯುತ್ತದೆ. ಕೊಳೆಯುವ ಕೆಲಸದ ದೊಡ್ಡ ಪಾಲು ಅಲ್ಲೇ ಮುಗಿದು, ಅದರ ಗ್ಯಾಸ್ ನಿಮ್ಮ ಒಲೆಯಲ್ಲಿ ಉರಿದುಹೋಗಿರುತ್ತದೆ. ಹೊರಬಂದ ಸ್ಲರಿ ಕೆರೆಯ ಆಮ್ಲಜನಕವನ್ನು ಹಸಿ ಸೆಗಣಿಗಿಂತ ತುಂಬಾ ಕಡಿಮೆ ಬಳಸುತ್ತದೆ, ಸಾರಜನಕ ಮಾತ್ರ ಬೇಗ ಸಿಗುವ ರೂಪದಲ್ಲಿರುತ್ತದೆ. ಬಿಸಿಲಿದ್ದರೆ ಕೆಲವೇ ದಿನಗಳಲ್ಲಿ ನೀರಿನ ಬಣ್ಣ ತಿರುಗುವುದನ್ನು ಕಣ್ಣಾರೆ ನೋಡಬಹುದು: ಮೊದಲು ಚಹಾ ಬಣ್ಣ, ಆಮೇಲೆ ಹಳದಿ ಬೆರೆತ ಎಳೆ ಹಸಿರು.

ಪೂರ್ತಿ ಸ್ಲರಿಯನ್ನೇ ನಂಬಿದ ಕೆರೆಗೆ ವರ್ಷಕ್ಕೆ ಹೆಕ್ಟೇರಿಗೆ 30 ಟನ್‌ವರೆಗೆ ಹಾಕುವ ಲೆಕ್ಕ ಇದೆ. ಹತ್ತು ಸೆಂಟ್ಸಿಗೆ ಅದು 1200 ಕೆಜಿ. ಅಕ್ಟೋಬರದಿಂದ ಮೇವರೆಗೆ ಎಂಟು ತಿಂಗಳಿಗೆ ಹಂಚಿದರೆ ವಾರಕ್ಕೆ 35 ಕೆಜಿ, ಅಂದರೆ ದೊಡ್ಡ ಬಕೆಟ್ಟಿನಲ್ಲಿ ಎರಡು. ಇದು ಮೇಲಿನ ಮಿತಿ ಎಂಬುದು ನೆನಪಿರಲಿ. ಶುರು ಮಾಡುವಾಗ ಇದರ ಅರ್ಧ ಸಾಕು.

ಸ್ಲರಿಯ ತೊಂದರೆಯೂ ಇದೆ. ಆಗಷ್ಟೇ ಹೊರಬಂದದ್ದರಲ್ಲಿ ಅಮೋನಿಯಾ ಜಾಸ್ತಿ. ತೊಟ್ಟಿಯ ಹೊರಗಿನ ಹೊಂಡದಲ್ಲಿ ಒಂದೆರಡು ದಿನ ಬಿಟ್ಟು, ನೀರು ಬೆರೆಸಿ ಹಾಕಿ. ಮಧ್ಯಾಹ್ನ ಬೇಡ. ಹಸಿರು ನೀರಿನ ಪಿಎಚ್ ಬಿಸಿಲೇರಿದ ಹಾಗೆ ಏರುತ್ತದೆ, ಮಧ್ಯಾಹ್ನದ ಮೇಲೆ 9ಕ್ಕೂ ಹೋಗಬಹುದು, ಆಗ ಅದೇ ಅಮೋನಿಯಾ ವಿಷವಾಗುತ್ತದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಬಿಸಿಲು ನೀರಿಗೆ ಬಿದ್ದ ಮೇಲೆ ಹಾಕುವುದು ಸರಿಯಾದ ಹೊತ್ತು. ಇನ್ನೊಂದು, ಗೋಬರ್ ಗ್ಯಾಸಿಗೆ ಕಕ್ಕಸಿನ ಪೈಪ್ ಕೂಡ ಕೊಟ್ಟಿದ್ದರೆ ಆ ಸ್ಲರಿ ಮೀನಿನ ಕೆರೆಗೆ ಬೇಡ. ತೊಟ್ಟಿಯಲ್ಲಿ ರೋಗಾಣು ಕಡಿಮೆಯಾಗುತ್ತದೆ, ಪೂರ್ತಿ ಸಾಯುವುದಿಲ್ಲ.

ಸೆಗಣಿ ಮತ್ತು ಹಟ್ಟಿ ಗೊಬ್ಬರ ಒಂದೇ ಅಲ್ಲ

ಕೆರೆಯ ವಿಷಯಕ್ಕೆ ಬಂದಾಗ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಸೊಪ್ಪು, ತರಗೆಲೆ ಹಾಕಿ ದನ ತುಳಿದ ಹಟ್ಟಿ ಗೊಬ್ಬರ ಅಡಿಕೆ ಬುಡಕ್ಕೆ ಬಂಗಾರ. ಕೆರೆಗೆ ಹಾಕಿದರೆ ಸೊಪ್ಪು ತಳಕ್ಕೆ ಕೂತು ತಿಂಗಳುಗಟ್ಟಲೆ ಕೊಳೆಯುತ್ತದೆ. ಕೋಲು ಹಾಕಿ ತಳ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆ ಏಳುತ್ತದೆ, ಕಪ್ಪು ಕೆಸರು ಬರುತ್ತದೆ. ತಳದಲ್ಲೇ ಮೇಯುವ ಮೃಗಾಲ್‌ಗೆ ಮೊದಲ ಪೆಟ್ಟು.

ಕೆರೆಗೆ ಬೇಕಾದದ್ದು ಬರೀ ಸೆಗಣಿಯನ್ನು ನೆರಳಿನಲ್ಲಿ ರಾಶಿ ಹಾಕಿ, ಎರಡು ಮೂರು ತಿಂಗಳು ಕಳಿಸಿ, ಮಧ್ಯೆ ಮಗುಚಿದ ಗೊಬ್ಬರ. ಕೈಯಲ್ಲಿ ಹಿಡಿದರೆ ಮಣ್ಣಿನ ವಾಸನೆ ಬರಬೇಕು, ಸೆಗಣಿಯದ್ದಲ್ಲ. ಸೆಗಣಿಯಲ್ಲಿ ಸಾರಜನಕ ಶೇಕಡಾ ಅರ್ಧದಷ್ಟು ಮಾತ್ರ. ಅದೇ ಅದರ ಒಳ್ಳೆಯ ಗುಣ ಕೂಡ, ಒಂದು ಬುಟ್ಟಿ ಹೆಚ್ಚು ಕಡಿಮೆಯಾದರೆ ಕೆರೆ ತಡೆದುಕೊಳ್ಳುತ್ತದೆ. ಕಾಸರಗೋಡು ಗಿಡ್ಡ ತಳಿಯ ಒಂದೆರಡು ದನ ಇರುವ ಮನೆಯವರಿಗೆ ಸಣ್ಣ ಕೆರೆಯ ಮಟ್ಟಿಗೆ ಹೊರಗಿನಿಂದ ಕೊಳ್ಳುವ ಅಗತ್ಯವೇ ಬೀಳಲಾರದು. ಮಿತಿ ಹೆಕ್ಟೇರಿಗೆ ವರ್ಷಕ್ಕೆ 20 ಟನ್, ಹತ್ತು ಸೆಂಟ್ಸಿಗೆ 800 ಕೆಜಿ, ವಾರಕ್ಕೆ 25 ಕೆಜಿ. ದನಕ್ಕೆ ಹುಳದ ಔಷಧಿ ಕೊಟ್ಟಿದ್ದರೆ ಮುಂದಿನ ಕೆಲವು ವಾರಗಳ ಸೆಗಣಿ ತೋಟಕ್ಕೆ ಹೋಗಲಿ. ಐವರ್ಮೆಕ್ಟಿನ್‌ನಂಥ ಔಷಧಿ ಸೆಗಣಿಯಲ್ಲಿ ಹೊರಬರುತ್ತದೆ, ಮೀನು ತಿನ್ನುವ ಸಣ್ಣ ಹುಳಗಳನ್ನು ಅದು ಕೊಲ್ಲುತ್ತದೆ.

ಕೋಳಿ ಗೊಬ್ಬರ

ಅಗ್ಗ, ಸುಲಭದಲ್ಲಿ ಸಿಗುತ್ತದೆ, ಕೆಲಸವೂ ಬೇಗ. ಸಾರಜನಕ ಸೆಗಣಿಯ ನಾಲ್ಕೈದು ಪಟ್ಟು, ರಂಜಕವೂ ಜಾಸ್ತಿ. ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಸಾಕು ಅನ್ನುವುದು ಈ ಕಾರಣಕ್ಕೇ. ಹತ್ತು ಸೆಂಟ್ಸಿಗೆ ಅದು ವರ್ಷಪೂರ್ತಿಗೆ 200 ಕೆಜಿ ಮಾತ್ರ. ಆದರೆ ಫಾರ್ಮಿನಿಂದ ಪಿಕಪ್‌ನಲ್ಲಿ ಲೋಡುಗಟ್ಟಲೆ ಬಂದು ಬೀಳುವಾಗ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ, ಸೆಗಣಿ ಹಾಕುವ ಕೈಯಳತೆಯಲ್ಲೇ ಇದನ್ನೂ ಹಾಕುತ್ತಾರೆ. ಮೋಡ ಕವಿದ ಎರಡು ದಿನ ಸಿಕ್ಕಿದರೆ ಮೂರನೆಯ ಬೆಳಿಗ್ಗೆ ಕಾಟ್ಲಾ ಹೊಟ್ಟೆ ಮೇಲಾಗಿ ತೇಲುತ್ತದೆ. ಮೊದಲು ಸಾಯುವುದು ದೊಡ್ಡ ಮೀನು, ಮಾರಾಟಕ್ಕೆ ಬಂದದ್ದೇ.

ನನಗೆ ಇನ್ನೂ ಹೆಚ್ಚಿನ ಚಿಂತೆ ಬೇರೆ. ಬ್ರಾಯ್ಲರ್ ಕೋಳಿಗೆ ಕೊಟ್ಟ ಆ್ಯಂಟಿಬಯೋಟಿಕ್ ಗೊಬ್ಬರದ ಮೂಲಕ ಕೆರೆಗೆ ಬರುತ್ತದೆ, ಔಷಧಿಗೆ ಬಗ್ಗದ ರೋಗಾಣುಗಳೂ ಬರುತ್ತವೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ಸಾಕುಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರಕಾರ 2019ರಲ್ಲಿ ನಿಷೇಧ ಹಾಕಿದ್ದು ಇಂಥ ಭಯದಿಂದಲೇ. ಸಾಲ್ಮೊನೆಲ್ಲಾ ಕೂಡ ಹಸಿ ಕೋಳಿ ಗೊಬ್ಬರದಲ್ಲಿ ಸಾಮಾನ್ಯ. ಕೆರೆಯ ಮೇಲೆಯೇ ಕೋಳಿಗೂಡು ಕಟ್ಟಿ ಹಿಕ್ಕೆ ನೇರ ನೀರಿಗೆ ಬೀಳಿಸುವ ಪದ್ಧತಿ ಹಿಂದೆ ತುಂಬಾ ಪ್ರಚಾರದಲ್ಲಿತ್ತು. ಮನೆಯವರು ತಿನ್ನುವ ಮೀನಿಗೆ ನಾನಂತೂ ಅದನ್ನು ಹೇಳುವುದಿಲ್ಲ.

ಕೋಳಿ ಗೊಬ್ಬರವೇ ಗತಿ ಎಂದಾದರೆ ಕಾಂಪೋಸ್ಟ್ ಮಾಡಿ. ತರಗೆಲೆ ಅಥವಾ ತೆಂಗಿನ ನಾರಿನ ಹುಡಿ ಬೆರೆಸಿ ರಾಶಿ ಹಾಕಿ. ರಾಶಿಯೊಳಗೆ 55 ಡಿಗ್ರಿಗಿಂತ ಮೇಲೆ ಶಾಖ ಏರಬೇಕು, ಕೆಲವು ದಿನ ಹಾಗೇ ನಿಲ್ಲಬೇಕು, ಮಗುಚಿದಾಗ ಇನ್ನೊಮ್ಮೆ ಬಿಸಿಯಾಗಬೇಕು. ಕಬ್ಬಿಣದ ಸರಳು ಒಳಗೆ ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಸರಳು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಕೆಲಸ ನಡೆಯುತ್ತಿದೆ ಅಂತ. ರೋಗಾಣು ಹೀಗೆ ಸಾಯುತ್ತದೆ, ಔಷಧಿಯ ಅಂಶ ಕಡಿಮೆಯಾಗುತ್ತದೆ. ಹಂದಿ ಗೊಬ್ಬರಕ್ಕೂ ಇದೇ ಮಾತು, ಇನ್ನೂ ಸ್ವಲ್ಪ ಬಿಗಿಯಾಗಿ.

ಅಜೋಲಾ, ಎರೆಗೊಬ್ಬರ

ಅಜೋಲಾ ಗಾಳಿಯ ಸಾರಜನಕ ಹಿಡಿಯುತ್ತದೆ, ರೋಗಾಣುವಿನ ಭಯ ಇಲ್ಲವೇ ಇಲ್ಲ ಅನ್ನಬಹುದು, ಹುಲ್ಲುಗೆಂಡೆ ಇದ್ದರೆ ಹಾಗೇ ತಿಂದುಬಿಡುತ್ತದೆ. ಭುವನೇಶ್ವರದ ಸಿಹಿನೀರು ಮೀನು ಸಾಕಣೆಯ ಕೇಂದ್ರ ಸಂಸ್ಥೆ ಸಿಫಾದ ಲೆಕ್ಕದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 40 ಟನ್ ಅಜೋಲಾ ಹಾಕಿದರೆ 100 ಕೆಜಿ ಸಾರಜನಕ, 25 ಕೆಜಿ ರಂಜಕ, 90 ಕೆಜಿ ಪೊಟ್ಯಾಷ್ ಸಿಗುತ್ತದೆ. ಕೇಳಲು ಚೆನ್ನಾಗಿದೆ. ಹತ್ತು ಸೆಂಟ್ಸಿಗೆ ಇಳಿಸಿ ನೋಡಿ: ದಿನಾ ನಾಲ್ಕೂವರೆ ಕೆಜಿ ಹಸಿ ಅಜೋಲಾ. ಅಷ್ಟು ಬೆಳೆಸಲು ಜಾಗ, ನೀರು, ದಿನದ ಆರೈಕೆ ಬೇಕು. ಅಡಿಕೆ ತೋಟದ ತೆಳು ನೆರಳು ಅದಕ್ಕೆ ಹೇಳಿ ಮಾಡಿಸಿದ ಜಾಗ, ಆದರೂ ಪೂರ್ತಿ ಅದನ್ನೇ ನಂಬುವ ಬದಲು ಸ್ಲರಿಯ ಜೊತೆ ಇಟ್ಟುಕೊಂಡು ಸ್ಲರಿಯನ್ನು ಕಡಿಮೆ ಮಾಡುವುದು ಜಾಣತನ. ಅಜೋಲಾವನ್ನು ಬೇರೆ ಗುಂಡಿಯಲ್ಲೇ ಬೆಳೆಸಿ. ಮೀನಿನ ಕೆರೆಯಲ್ಲೇ ಬಿಟ್ಟರೆ ಮೇಲೆ ಚಾಪೆ ಹಾಸಿದಂತೆ ಮುಚ್ಚಿ ಬೆಳಕು ನಿಲ್ಲಿಸುತ್ತದೆ.

ಎರೆಗೊಬ್ಬರ ಸುರಕ್ಷಿತ, ಪೂರ್ತಿ ಕಳಿತದ್ದು, ಸಾರಜನಕ ಶೇಕಡಾ ಒಂದೂವರೆಯಿಂದ ಎರಡು. ತೆಂಗಿನ ಮಡಲನ್ನೇ ಎರೆಗೊಬ್ಬರ ಮಾಡುವ ವಿಧಾನವನ್ನು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ರೂಪಿಸಿದೆ. ಮನೆಯಲ್ಲೇ ತಯಾರಾದರೆ ಮರಿ ಸಾಕುವ ಸಣ್ಣ ಗುಂಡಿಗೆ ಖಂಡಿತ ಹಾಕಿ. ಚೀಲಕ್ಕೆ ದುಡ್ಡು ಕೊಟ್ಟು ತಂದು ದೊಡ್ಡ ಕೆರೆಗೆ ಸುರಿಯುವಂಥದ್ದಲ್ಲ.

ಹಿಂಡಿಗಳು: ಒಂದು ಆಗಬಹುದು, ಉಳಿದವು ಬೇಡ

ನೆಲಗಡಲೆ ಹಿಂಡಿ ಮರಿ ಗುಂಡಿಗೆ ಒಳ್ಳೆಯದು. ಮರಿ ಬಿಡುವ ಎರಡು ಮೂರು ದಿನ ಮೊದಲು, ಸೆಂಟ್ಸಿಗೆ ಒಂದೂವರೆ ಕೆಜಿಯಂತೆ, ಸ್ವಲ್ಪ ಸೆಗಣಿಯ ಜೊತೆ ರಾತ್ರಿ ನೆನೆಸಿ ಕದಡಿ ಎರಚಿ. ಮರಿಗೆ ಬೇಕಾದ ಸಣ್ಣ ಹುಳ ಬೇಗ ಹುಟ್ಟುತ್ತದೆ. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು.

ಹಿಪ್ಪೆ ಹಿಂಡಿ ಮೀನು ಕೊಲ್ಲಲೆಂದೇ ಬಳಸುವ ವಸ್ತು. ಹೊಸ ಮರಿ ಬಿಡುವ ಮೊದಲು ಕಾಡು ಮೀನು ತೆಗೆಯಲು ಹೆಕ್ಟೇರಿಗೆ 2500 ಕೆಜಿಯಂತೆ ಹಾಕುತ್ತಾರೆ. ಅದರ ವಿಷ ಎರಡು ಮೂರು ವಾರ ಇರುತ್ತದೆ, ಆಮೇಲೆ ಗೊಬ್ಬರವಾಗುತ್ತದೆ. ಬೇವಿನ ಹಿಂಡಿ, ಹರಳಿಂಡಿ ನಮ್ಮ ಎಲ್ಲ ತೋಟಗಳಲ್ಲೂ ಇವೆ, ಕೈಗೆ ಸಿಗುತ್ತವೆ, ಕೆರೆಗೂ ಸ್ವಲ್ಪ ಹಾಕೋಣ ಅನಿಸುತ್ತದೆ. ಬೇಡ. ಒಂದು ಕೀಟನಾಶಕ, ಇನ್ನೊಂದರಲ್ಲಿ ರಿಸಿನ್ ವಿಷ. ಅಂಗಡಿಯಲ್ಲಿ ಸಿಗುವ ರೆಡಿ ಸಾವಯವ ಮಿಶ್ರಣದ ಚೀಲಗಳಲ್ಲೂ ಬೇವಿನ ಹಿಂಡಿ ಬೆರೆಸಿರುತ್ತಾರೆ. ಚೀಲದ ಮೇಲೆ ಮಲಯಾಳದಲ್ಲಿ ಬರೆದಿರುತ್ತದೆ, ಓದಲು ಬಾರದಿದ್ದರೆ ಅಂಗಡಿಯವರ ಹತ್ತಿರವೇ ಪೂರ್ತಿ ಓದಿಸಿಕೊಳ್ಳಿ.

ಸೆಗಣಿ, ಗೋಮೂತ್ರ, ಬೆಲ್ಲ ಬೆರೆಸಿ ಕಳಿಸುವ ಜೀವಾಮೃತದ ಬಗ್ಗೆಯೂ ಕೇಳುತ್ತಾರೆ. ಕೆರೆಗೆ ಅದರಿಂದ ಸೆಗಣಿಗಿಂತ ಹೆಚ್ಚಿನದ್ದೇನೂ ಸಿಗುವುದಿಲ್ಲ, ಬೆಲ್ಲ ಮತ್ತು ಗೋಮೂತ್ರ ಮಾತ್ರ ಆಮ್ಲಜನಕಕ್ಕೂ ಅಮೋನಿಯಾಕ್ಕೂ ತೊಂದರೆ ಕೊಡುತ್ತವೆ. ತೋಟಕ್ಕೇ ಇರಲಿ.

ಹಾಕುವ ರೀತಿ

ಯಾವ ಗೊಬ್ಬರವಾದರೂ ತಿಂಗಳಿಗೊಮ್ಮೆ ರಾಶಿ ಸುರಿಯುವುದಕ್ಕಿಂತ ವಾರಕ್ಕೊಮ್ಮೆ ಸ್ವಲ್ಪ ಹಾಕುವುದು ಕ್ಷೇಮ. ಕಳಿತ ಸೆಗಣಿಯನ್ನು ಗೋಣಿಯಲ್ಲಿ ತುಂಬಿಸಿ, ಬಾಯಿ ಕಟ್ಟಿ, ಕೆರೆಯ ಮೂಲೆಯಲ್ಲಿ ಬಿದಿರಿನ ಗೂಟಕ್ಕೆ ಅರ್ಧ ಮುಳುಗುವಂತೆ ನೇತುಹಾಕಿ. ಸಾರ ನಿಧಾನವಾಗಿ ಬಿಡುತ್ತದೆ, ಕಸ ಗೋಣಿಯಲ್ಲೇ ಉಳಿಯುತ್ತದೆ, ನೀರು ಕೆಟ್ಟಿತು ಅನಿಸಿದರೆ ಗೋಣಿ ಎತ್ತಿ ದಡಕ್ಕೆ ಹಾಕಿದರಾಯಿತು. ಸುರಿದ ಗೊಬ್ಬರವನ್ನು ಹೀಗೆ ವಾಪಸ್ ತೆಗೆಯಲು ಆಗುತ್ತದಾ?

ಅಳತೆಗೆ ಉಪಕರಣ ಬೇಕಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಬಿಳಿ ಬಣ್ಣ ಬಳಿದು ಕೋಲಿಗೆ ಕಟ್ಟಿ ನೀರಿಗೆ ಇಳಿಸಿ. 25ರಿಂದ 40 ಸೆಂಟಿಮೀಟರ್ ಆಳದಲ್ಲಿ ಮುಚ್ಚಳ ಮರೆಯಾದರೆ ಸರಿ. 20ರೊಳಗೇ ಮರೆಯಾದರೆ ಗೊಬ್ಬರ ನಿಲ್ಲಿಸಿ. ನೀರು ಕೆಂಪು ಮಣ್ಣಿನಿಂದ ಕದಡಿದ್ದರೆ ಈ ಅಳತೆ ತಪ್ಪು ಹೇಳುತ್ತದೆ, ಬಣ್ಣವನ್ನೂ ನೋಡಿ. ಬೆಳಗಾಗುವ ಮೊದಲು ಕೆರೆಯ ಬದಿಗೆ ಹೋಗಿ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದು, ಹೆಜ್ಜೆ ಸದ್ದಿಗೂ ಕೆಳಗೆ ಹೋಗದಿದ್ದರೆ ಪಂಪು ಹಚ್ಚಿ, ನೀರನ್ನು ಎತ್ತರದಿಂದ ಕೆರೆಗೇ ಬೀಳಿಸಿ. ಹತ್ತು ಹದಿನೈದು ದಿನ ಗೊಬ್ಬರದ ಸುದ್ದಿಗೆ ಹೋಗಬೇಡಿ.

ಮಾರ್ಚ್ ಕಳೆದ ಮೇಲೆ ತೋಟಕ್ಕೆ ನೀರು ಎತ್ತಿ ಎತ್ತಿ ಕೆರೆ ಅರ್ಧಕ್ಕೆ ಇಳಿದಿರುತ್ತದೆ. ನೀರು ಅರ್ಧವಾದರೆ ಗೊಬ್ಬರವೂ ಅರ್ಧ. ಇದನ್ನು ಮರೆಯುವವರೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರ ಬೇಡ. ಬಿಸಿಲಿಲ್ಲ, ಹಾಕಿದ್ದೆಲ್ಲ ತುಂಬಿ ಹರಿದು ಕೆಳಗಿನವರ ಬಾವಿಗೆ, ತೋಡಿಗೆ ಹೋಗುತ್ತದೆ.

ಮಳೆಗಾಲದ ಅಪಾಯ ಬೇರೆಯದು, ಅದು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ. ಕೊಳೆರೋಗಕ್ಕೆ ಮದ್ದು ಬಿಡುವಾಗ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಬೀಳುತ್ತದೆ. ಸಾವಯವ ತೋಟದವರೂ ಬಿಡುತ್ತಾರೆ. ಅದರ ತಾಮ್ರ ಮೀನಿಗೆ ವಿಷ, ನಮ್ಮಲ್ಲಿರುವಂಥ ಸುಣ್ಣದಂಶ ಕಡಿಮೆ ಇರುವ ಮೆದು ನೀರಿನಲ್ಲಿ ಇನ್ನೂ ಹೆಚ್ಚು. ಕೆರೆಯ ಬದಿಯ ಒಂದೆರಡು ಸಾಲು ಮರಗಳಿಗೆ ಗಾಳಿ ಇಲ್ಲದ ಹೊತ್ತು ನೋಡಿ ಬಿಡಿ, ಆಗುವುದಾದರೆ ಆ ಸಾಲಿಗೆ ಮದ್ದಿನ ಬದಲು ಕೊಟ್ಟೆ (ಗೊನೆಗೆ ಪ್ಲಾಸ್ಟಿಕ್ ಹೊದಿಕೆ) ಕಟ್ಟಿ. ಡ್ರಮ್ಮು, ಪಂಪು ತೊಳೆಯುವುದು ಕೆರೆಯಲ್ಲಿ ಬೇಡ. ತೋಟದ ನೀರು ಕೆರೆಗೆ ಇಳಿಯುವ ಕಣಿ ಇದ್ದರೆ ಒಡ್ಡು ಹಾಕಿ ಬೇರೆ ಕಡೆ ತಿರುಗಿಸಿ.

ಮೀನು ಹಿಡಿಯುವ ಎರಡು ಮೂರು ವಾರ ಮೊದಲೇ ಗೊಬ್ಬರ ನಿಲ್ಲಿಸಿ. ಹಿಡಿದದ್ದನ್ನು ಎರಡು ದಿನ ಶುದ್ಧ ನೀರಿನಲ್ಲಿ, ಬಲೆಯ ಪಂಜರದಲ್ಲಿ ಆಹಾರ ಕೊಡದೆ ಇಟ್ಟರೆ ಹೊಟ್ಟೆ ಖಾಲಿಯಾಗುತ್ತದೆ, ಕೆಸರಿನ ವಾಸನೆಯೂ ಇಳಿಯುತ್ತದೆ. ಕರುಳು ತೆಗೆದ ಕತ್ತಿ, ಮಣೆಯನ್ನು ತೊಳೆಯದೆ ತರಕಾರಿಗೆ ಮುಟ್ಟಿಸಬೇಡಿ, ಮೀನನ್ನು ಚೆನ್ನಾಗಿ ಬೇಯಿಸಿ. ಕೈಕಾಲಲ್ಲಿ ಗಾಯ ಇರುವವರು ಕೆರೆಗೆ ಇಳಿಯುವುದು ಬೇಡ, ಇಲಿಜ್ವರದ ಭಯ ನಮ್ಮಲ್ಲಿ ಇದ್ದೇ ಇದೆ. ಮಣ್ಣು ಪರೀಕ್ಷೆಗೆ ಕೃಷಿ ಭವನದಲ್ಲಿ ಕೇಳಿ, ಮರಿಯ ವಿಷಯಕ್ಕೆ ಪಂಚಾಯತಿನ ಮೀನುಗಾರಿಕೆಯವರನ್ನು ವಿಚಾರಿಸಿ. ಸೆಪ್ಟೆಂಬರಿನಲ್ಲೇ ಹೋದರೆ ಅಕ್ಟೋಬರದ ಒಳಗೆ ಸುಣ್ಣದ ಲೆಕ್ಕ ಕೈಯಲ್ಲಿರುತ್ತದೆ.